ಅಕ್ಕನಿಗೆ ಓದಿ ಹೇಳಿದ ಎರಡು ಪದ

ಆ ಸೂಜಿ ಅಕ್ಕನ ಅಂಗೈಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಜೇವರ್ಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಅವಳು ಕಸ ಗುಡಿಸುವ ಕೆಲಸಕ್ಕಿದ್ದಳು. ನೋಡಿ ಬರಲು ಹೋಗಿದ್ದೆ. ನನ್ನ ಯಾವುದೋ ಮಾತಿಗೆ ನಗುತ್ತ ತುಂಬಿದ ಕಸದ ಚೀಲವನ್ನು ಕೈಯಿಂದ ಅದುಮಿದಳು. ಇವತ್ತಿಗೂ ಮನಸ್ಸಿನೊಳಗೆ ಆ ಕೈಯನ್ನು ಹಿಡಿದು ತಡೆಯುತ್ತಲೇ ಇದ್ದೇನೆ.

ಸೋಪು ಹಚ್ಚಿ ತೊಳೆಸಿ ತಕ್ಷಣ ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ಯಾರಿಗೆ ಚುಚ್ಚಿದ ಸೂಜಿಯೋ ಗೊತ್ತಿರಲಿಲ್ಲ. ಎಚ್‌ಐವಿ ತಗಲದಿರಲೆಂದು ಇಪ್ಪತ್ತೆಂಟು ದಿನದ ಗುಳಿಗೆ ಕೊಟ್ಟರು. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಆಪ್ತಸಮಾಲೋಚಕಿ ಕನ್ನಡದಲ್ಲೇ ಬಿಡಿಸಿ ಹೇಳಿದರು. "ಇದು ಸೂಜಿ ಚುಚ್ಚೋಕಿಂತ ಹಿಂದಿಂದಷ್ಟೇ ಹೇಳ್ತದ್ರಿ. ಆರು ವಾರಕ್ಕ ಬರ್ರಿ, ಮೂರು ತಿಂಗಳಿಗಿ ಮತ್ತ ಬರ್ರಿ. ರಿಯಾಕ್ಟಿವ್, ಅಂದ್ರ ಸೋಂಕು ಇರಬಹುದು ಅಂತ ಬಂದ್ರ ಇನ್ನೊಂದು ಪರೀಕ್ಷಾ ಮಾಡಬೇಕಾಗ್ತದ." ಆ ಒಂದು ಪದ ಅಕ್ಕನ ಕಿವಿಯಲ್ಲಿ ಕೂತುಬಿಟ್ಟಿತು.

ಆರು ವಾರ ಕಳೆಯುವ ಹೊತ್ತಿಗೆ ನಮ್ಮೂರು ಘತ್ತರಗಿಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಅಕ್ಕ ರಿಪೋರ್ಟ್ ಇಸಿದುಕೊಂಡವಳೇ, ವಿವರಣೆಗೆ ನಿಲ್ಲದೆ ಬಸ್ಸು ಹತ್ತಿದಳು. ಇಂಗ್ಲಿಷಿನ ಆ ಹಾಳೆಯ ಫೋಟೋ ನನಗೆ ಬಂತು. ನಾನು ಆಳಂದದ ಶಾಲೆಯಲ್ಲಿ, ಶಿಕ್ಷಕರ ಕೋಣೆಯಲ್ಲಿದ್ದೆ. ಸುತ್ತ ಜನ. ರೋಗದ ಹೆಸರು ಯಾರ ಕಿವಿಗೂ ಬೀಳಬಾರದೆಂದು ಫೋನಿನಲ್ಲಿ ಪಿಸುಗುಟ್ಟಿದೆ.

"ಯಕ್ಕಾ, ನಾನ್ ರಿಯಾಕ್ಟಿವ್ ಅಂತ ಬಂದದ."

"ಹಾಂ?"

"ನಾನ್ ರಿಯಾಕ್ಟಿವ್ ಬೇ."

ನೆಮ್ಮದಿಗೆ ಅವಳ ಮಾತು ನಿಂತಿದೆ ಅಂದುಕೊಂಡು ಫೋನಿಟ್ಟೆ.

ಆರು ದಿನದ ಮೇಲೆ ಊರಿಗೆ ಹೋದೆ. ಪಕ್ಕದ ಮನೆಯ ಚಿಗವ್ವ ಅವ್ವನಿಗೆ ಗಂಜಿ ಕುಡಿಸಲು ಹೆಣಗುತ್ತಿದ್ದಳು. ಅಕ್ಕ ಬಾಗಿಲ ಹೊರಗೆ ನಿಂತಿದ್ದಳು, ತನ್ನ ತಾಟು, ಗ್ಲಾಸು ಬೇರೆ ಇಟ್ಟುಕೊಂಡು.

"ನೋಡವ್ವಾ ನಿಮ್ಮಕ್ಕನ ಠೀವಿ," ಎಂದಳು ಚಿಗವ್ವ. "ನಿಮ್ಮವ್ವಂದು ನಿನ್ನಿಯಿಂದ ಮಾತು ನಿಂತದ. ಮೊನ್ನಿತನಾ ಅಂತಿದ್ಲು, ನನ್ನ ಮೈ ವಾಸನಿ ಮಗಳಿಗಿ ಆಗವಲ್ದು, ಅದಕ್ಕ ಒಳಗ ಬರವಲ್ಲಳು ಅಂತ."

ಅಕ್ಕನನ್ನು ಅಂಗಳಕ್ಕೆ ಎಳೆದೊಯ್ದೆ. "ನಾಕು ಚಮಚ ಗಂಜಿ ಹಾಕಕ ಏನಾಗ್ಯಾದ ನಿನಗ?"

"ನೀನೇ ಹೇಳಿದೆಲ್ಲಾ ಬೇ, ನಾನ್ ರಿಯಾಕ್ಟಿವ್ ಅಂತ. ಮುಟ್ಟಿ ಅವ್ವಗೂ ಹಚ್ಚಲೇನು?"

ಆಗ ತಿಳಿಯಿತು. ಅವಳ ಕಿವಿಗೆ ನಾನ್ ಎಂದರೆ ನಾನು; ಅವಳ ಹಾಳೆಯಲ್ಲಿ ಆ 'ನಾನು' ಅವಳೇ. ಅದು ಇಂಗ್ಲಿಷಿನ 'ಇಲ್ಲ' ಎಂದು ಅವಳಿಗೆ ಹೇಗೆ ಹೊಳೆದೀತು?

"ಇಲ್ಲ ಅಂತ ಅದರ ಅರ್ಥ, ಯಕ್ಕಾ. ನಿನಗೇನೂ ಇಲ್ಲ. ಇದ್ರೂ ಮುಟ್ಟಿದ್ರ, ಉಣಿಸಿದ್ರ ಹತ್ತಂಗಿಲ್ಲ."

ನನ್ನ ಮಾತು ಮುಗಿಯುವ ಮೊದಲೇ ಅವಳು ಒಳಗೆ ಓಡಿದಳು. ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚ ಹಿಡಿದಳು. ಗಂಜಿ ಕಟಬಾಯಿಂದ ಇಳಿದುಹೋಯಿತು. ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ಮತ್ತೆ ಇಳಿಯಿತು. ಮರುದಿನ ಮಧ್ಯಾಹ್ನ ಅವ್ವ ಹೋದಳು, ಕಣ್ಣು ತೆರೆಯದೆ.

ಮೂರು ತಿಂಗಳ ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಸೋಂಕು ಇಲ್ಲ ಎಂದು ಆಪ್ತಸಮಾಲೋಚಕಿ ಎರಡು ಸಲ ಹೇಳಿದರು. ಅಕ್ಕ ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಕೇಳಿದಳು:

"ಇದನ್ನ ಅವ್ವಗ ಯಾರು ಹೇಳ್ತಾರ್ರಿ?"