ನುಂಗುವುದನ್ನು ನೋಡುವವರು

ಆ ಬೆಳಿಗ್ಗೆಯೂ ಎಂದಿನಂತೆ ಮಂಚದ ಕಾಲಬದಿಗೆ ಜಾರಿ ಮುದುಡಿಕೊಂಡಿದ್ದ ನನ್ನ ಗಂಡನನ್ನು ಮೇಲಕ್ಕೆಳೆದು ದಿಂಬಿಗೆ ಒರಗಿಸಿದೆ. ತಲೆಬದಿ ಎತ್ತರವಿರಬೇಕೆಂದು ಡಾಕ್ಟರು ಹೇಳಿದ್ದರಿಂದ ಆ ಬದಿಯ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟಿದ್ದೆವು. ಗಂಜಿ ಸೋಸಿ ಪುಟ್ಟ ಬಟ್ಟಲಲ್ಲಿ ತಂದಿಟ್ಟೆ. ಎರಡು ಚಮಚಕ್ಕೆ ಬಟ್ಟಲು ಪಕ್ಕಕ್ಕೆ ಸರಿಯಿತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಅನ್ನನಾಳದ ಕ್ಯಾನ್ಸರ್ ಎಂಬುದನ್ನು ಪಾಲಿಬೆಟ್ಟದ ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಮದ್ರಾಸಿನಲ್ಲಿ ಆ ಭಾಗ ಕತ್ತರಿಸಿ, ಹೊಟ್ಟೆಯನ್ನೇ ಎದೆಯೊಳಕ್ಕೆ ಎಳೆದು ಹೊಲಿದಿದ್ದರು. ನನಗೆ ಕಾನ್ವೆಂಟಿನ ಇಂಗ್ಲಿಷ್ ಇತ್ತಲ್ಲ, ಡಾಕ್ಟರು ಎಲ್ಲವನ್ನೂ ನನಗೇ ಹೇಳಿದರು. ಇನ್ನೆಷ್ಟು ಕಾಲ ಎಂದು ಕೇಳಿದ್ದಕ್ಕೆ, "ಈಗಲೇ ಹೇಳಲಾಗದು. ತಿಂದದ್ದು ಮೈಗೆ ಹಿಡಿದರೆ ಆಸೆ ಇಟ್ಟುಕೊಳ್ಳಿ. ಸ್ವಲ್ಪ ಸ್ವಲ್ಪ, ಆಗಾಗ ಕೊಡಿ" ಎಂದಿದ್ದರು. ಊರಿಗೆ ಬಂದ ಮೇಲೆ ಇವರ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ. ಆಮೇಲೆ ಇನ್ನೊಂದು.

ಸ್ವಲ್ಪ ಸ್ವಲ್ಪ ಎಂಬುದು ಅತ್ತೆಗೆ ಹಿಡಿಸಲಿಲ್ಲ. "ಬೆಕ್ಕಿಗೆ ಇಟ್ಟ ಹಾಗೆ ಇಡ್ತೀಯಲ್ಲ" ಎಂದು ಮೆತ್ತಗೆ ಬೇಯಿಸಿದ ಅನ್ನವನ್ನು ರಾಶಿ ಹಾಕಿ, ಎದುರು ಕೂತು ಮಗನ ಗಂಟಲನ್ನೇ ನೋಡುತ್ತಿದ್ದರು. ಈ ಕಡೆಯಿಂದ ನಾನು. ಅಂದು ಶನಿವಾರಸಂತೆಯಿಂದ ಬಂದಿದ್ದ ಇವರ ಸೋದರಮಾವನೂ ಸೇರಿಕೊಂಡರು. ಒಂದು ತುತ್ತು ಇಳಿದರೆ ಮೂವರೂ ಉಸಿರು ಬಿಡುತ್ತಿದ್ದೆವು.

"ಎಷ್ಟು ವರ್ಷ ಅಂದ್ರು ಡಾಕ್ಟ್ರು?" ಮಾವ ಕೇಳಿದ್ದು ನನ್ನನ್ನು, ಇವರ ಎದುರಿಗೇ.

"ನೀವು ಮುಂದೆ ಹೋಗಿರಿ ಮಾವ, ನಂಗೊಂದು ಜಾಗ ಹಿಡಿದಿಡಿ" ಎಂದು ಇವರು ಎದ್ದು, ಕೋಲು ಹಿಡಿದು ಹೊರಗೆ ಹೋದರು. ತಟ್ಟೆ ಹಾಗೇ ಇತ್ತು.

"ತಿನ್ನದಿದ್ರೆ ಕೊಯ್ಯಿಸಿಕೊಂಡದ್ದಾದ್ರೂ ಯಾಕೆ?" ಎಂದು ಬೆನ್ನಿಗೇ ಕೇಳಿದೆ. ಅತ್ತೆ ನನ್ನ ಮೇಲೆ ಮುನಿಸಿಕೊಂಡರು. ಮಾವ ಇನ್ನೊಂದು ಲೋಟ ಕಾಫಿ ಕೇಳಿದರು.

ಇವರು ಮರಳಿದ್ದು ಬಿಸಿಲು ಇಳಿದ ಮೇಲೆ. ಮೊಟ್ಟೆ ಕದಡಿದ ಹಾಲು ಕೊಟ್ಟರೆ "ಹಸಿವಿಲ್ಲ." ಗಂಜಿಗೂ ಅದೇ. ರೋಗ ಮತ್ತೆ ತಲೆಯೆತ್ತಿತೇ ಎಂದು ಹೆದರಿ ಬಟ್ಟಲನ್ನು ಠಕ್ಕೆಂದು ಕೆಳಗಿಟ್ಟೆ. ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತೋ ಏನೋ.

ಸಂಜೆ ಪಕ್ಕದ ಮನೆಯವಳು ಹಾಲಿಗೆ ಹೆಪ್ಪು ಹಾಕಲು ಮಜ್ಜಿಗೆ ಕೇಳಿಕೊಂಡು ಬಂದಳು. ಲೋಟ ತುಂಬಿಸಿಕೊಟ್ಟೆ. ಮೆಟ್ಟಿಲು ಇಳಿಯುತ್ತಾ ಅಂದಳು:

"ಭಾವಂಗೆ ನಾಳೆ ಬೇಗ ಬರೋಕೆ ಹೇಳಿ ಅಕ್ಕ, ಕಡುಬು ಆರಿ ಹೋಗ್ತದೆ. ಈಚೆಗೆ ದಿನಾ ಬಂದು ಎರಡೆರಡು ತಿಂತಾರೆ, ಸಾರಲ್ಲಿ ನೆನೆಸಿಕೊಂಡು. ನಾನು ಅತ್ತ ತಿರುಗಿ ಕಾಫಿ ಬೀಜ ಆರಿಸ್ತಾ ಇರ್ತೇನೆ, ಮಾತಿಲ್ಲ ಕತೆಯಿಲ್ಲ. ಇವತ್ತು ಉಪ್ಪು ಕಮ್ಮಿ ಅಂತ ಬೇರೆ ಹೇಳಿದ್ರು."