ಮೂರು ಕೆಲಸದ ಮೇಷ್ಟ್ರು

ದರ್ಜಿ ನಿನ್ನೆ ಹೊಲಿದು ಕೊಟ್ಟ ಕರಿ ಕೋಟಿಗೆ ಇನ್ನೂ ಹೊಸ ಬಟ್ಟೆಯ ವಾಸನೆ. ಇವತ್ತು ಅದನ್ನು ಹಾಕಿಕೊಂಡು ನಾನು ಶ್ರೀರಂಗಪಟ್ಟಣದ ಕೋರ್ಟಿಗೆ ವಕೀಲೆಯಾಗಿ ಹೊರಡಬೇಕು. ಐವತ್ತು ದಾಟಿದ ಮೇಲೆ, ಮೊದಲ ಸಲ. ಇಷ್ಟು ಕಾಲ ಇತಿಹಾಸ ಪಾಠ ಮಾಡಿದ ಕಾಲೇಜಿನವರೋ, ವಾಪಸ್ ಬರುವುದಾದರೆ ಇವತ್ತು ಬೆಳಿಗ್ಗೆಯೇ ತಿಳಿಸಿ ಎಂದಿದ್ದಾರೆ. ನೀವೇ ಹೇಳಿ, ಇಂಥ ಹೊತ್ತಿನಲ್ಲಿ ಮನಸ್ಸು ಹಿಂದೆಮುಂದೆ ನೋಡದೆ ಇರುತ್ತದೆಯೇ? "ಸೋತ್ರೆ ಏನ್ಮಾಡ್ತೀಯೆ?" ಎಂದು ನಮ್ಮ ಯಜಮಾನರು ಬೇರೆ ತಿಂಡಿ ತಿನ್ನುತ್ತಲೇ ಕೇಳಿದರು.

ಆಗ ನೆನಪಾದವರು ಪಾಂಡವಪುರದ ನಮ್ಮ ಬೀದಿಯ ಮೇಷ್ಟ್ರು. ದಿಲ್ಲಿಯಲ್ಲಿ ಮಂತ್ರಿಯಾಗಿ ದೇಶಕ್ಕೆಲ್ಲ ಹೆಸರಾದರೂ ಬೀದಿಯವರಿಗೆ ಅವರು ಮೇಷ್ಟ್ರೇ. ಮೊದಲು ಮೈಸೂರಿನಲ್ಲಿ ಅಧ್ಯಾಪಕರು, ಆಮೇಲೆ ವಕೀಲರು, ಆಮೇಲೆ ರಾಜಕೀಯ. ಅವರನ್ನು ಎತ್ತಿ ಆಡಿಸಿದ್ದ ನನ್ನಜ್ಜಿಗೆ ಇದು ಚೂರೂ ಹಿಡಿಸುತ್ತಿರಲಿಲ್ಲ. "ಒಂದ್ ಕಡೆ ಕಾಲೂರಕಿಲ್ವೇನ್ಲಾ?" ಎಂದು ಜಗಲಿಯಿಂದಲೇ ಬೈಯುವಳು.

"ಕಬ್ಬು ಕಡ್ದು ಅದೇ ಬುಡದಲ್ಲಿ ಮತ್ತೆ ಚಿಗುರೋ ಕೂಳೆ ಬುಡ್ತಾನೇ ಇದ್ರೆ ಜಲ್ಲೆ ಕಡ್ಡಿಯಾಯ್ತದೆ ಕಣವ್ವ. ಕಿತ್ತಾಕಿ ಭತ್ತ ನೆಡಬೇಕು" ಎನ್ನುವರು ಅವರು. ಅಜ್ಜಿ ಸುಮ್ಮನಾಗುತ್ತಿದ್ದಳು ಎಂದುಕೊಳ್ಳಬೇಡಿ. ಭತ್ತದ ಕಷ್ಟವನ್ನೂ ಹೇಳಿಯೇ ಕಳಿಸುತ್ತಿದ್ದಳು.

ಹಾಗಂತ ವಕೀಲರಾದ ಮೇಲೆ ಮೇಷ್ಟರಿಕೆ ಬಿಟ್ಟೀತೇ? ಬದುವಿನ ಜಗಳದ ಒಂದು ಕೇಸಿನಲ್ಲಿ ಎದುರು ಪಕ್ಷದ ಸಾಕ್ಷಿ ಅವರ ಹಳೆಯ ಶಿಷ್ಯ. ಇವರು ಪಾಟೀಸವಾಲಿಗೆ ಎದ್ದದ್ದೇ ತಡ, ಕಟಕಟೆಯಲ್ಲಿದ್ದವನು ಕೈಕಟ್ಟಿ ನಿಂತನಂತೆ. "ನಿಜ ಹೇಳಪ್ಪ" ಎಂದರೆ, "ನಮ್ ವಕೀಲ್ರು ಯೇಳ್ಕೊಟ್ಟಿದ್ದೆಲ್ಲಾ ಮರ್ತೋಯ್ತು ಸಾರ್" ಎಂದುಬಿಟ್ಟ. ಕೋರ್ಟಿಗೆ ಕೋರ್ಟೇ ನಕ್ಕಿತಂತೆ.

ಮುಂದೆ ಒಂದು ಚುನಾವಣೆಯಲ್ಲಿ ಮೇಷ್ಟ್ರು ಸೋತರು, ಅದೂ ಊರಿನವರೇ ಕೈಕೊಟ್ಟು. ಅವರ ಮುಖ ನೋಡಲು ಬೀದಿಗೆ ಬೀದಿಯೇ ಹಿಂಜರಿಯಿತು. ಮಾರನೆಯ ಸೋಮವಾರ ಬೆಳಿಗ್ಗೆ ನೋಡಿದರೆ, ಮಾಜಿ ಮಂತ್ರಿಗಳು ಹಳೇ ಕರಿ ಕೋಟು ತೊಟ್ಟು ಕೋರ್ಟಿಗೆ ಹೋಗಲು ಬಸ್ಸಿಗೆ ನಡೆದು ಹೊರಟಿದ್ದಾರೆ. ಅಜ್ಜಿ ತಡೆಯಲಾರದೆ ಕೇಳಿದಳು: "ದಿಲ್ಲೀಲಿ ಕಾರಲ್ಲಿ ತಿರುಗ್ದೋನು, ಬಸ್ಸತ್ತಕ್ಕೆ ನಾಚ್ಕೆ ಆಗಕಿಲ್ವೇನ್ಲಾ?"

"ಆಯ್ತದೆ ಕಣವ್ವ. ನಾಚ್ಕೊಂಡು ಮನೇಲಿ ಕೂತ್ರೆ ನನ್ ಕಕ್ಷಿಗಾರ್ರು ಏನ್ಮಾಡಾರು?"

ಅವತ್ತು ಅಜ್ಜಿ ಬೈಯಲಿಲ್ಲ. ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಬಾಗಿಲಲ್ಲಿ ನಿಂತಿದ್ದ ನನಗೆ ಯಾಕೋ ಅಳು ಬಂದಿತ್ತು.

ಅದನ್ನು ನೆನೆದು ಇವತ್ತು ಕಾಲೇಜಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ. ಯಜಮಾನರು ಕೇಳಿಸಿಕೊಂಡು, ಹೊರಗೆ ಹೋಗಿ ಸ್ಕೂಟರಿನ ಸೀಟು ಒರೆಸಿದರು.

"ಬಸ್‌ಸ್ಟ್ಯಾಂಡ್ ಗಂಟ ಬುಡ್ತೀನಿ, ಅತ್ಕೋ. ಕೋಟು ಮಡ್ಚಿ ಬ್ಯಾಗಲ್ಲಿಟ್ಕೋ, ಜನ ನೋಡ್ತಾರೆ."

"ನೋಡ್ಲಿ ಬುಡಿ" ಎಂದು ಕೋಟಿನ ಗುಂಡಿ ಹಾಕಿಕೊಂಡು ಹಿಂದೆ ಕೂತೆ.