ಗಿಡ್ಡ ತಳಿಗೆ ಒಂದು ಕೊಲ್ಲಿ

ಮೊದಲೇ ಒಂದು ಮಾತು ಸ್ಪಷ್ಟವಾಗಲಿ: ನನ್ನ ಗಿಡ್ಡರು ಅವನ ಗಿಡ್ಡರಿಗಿಂತ ಚೆನ್ನಾಗಿದ್ದರು. ಇದು ಹೊಟ್ಟೆಕಿಚ್ಚಿನ ಮಾತಲ್ಲ. ಹೊಟ್ಟೆಕಿಚ್ಚು ಇತ್ತು, ಈಗಲೂ ಇದೆ, ಅದು ಬೇರೆ ವಿಷಯ. ಹೊಟ್ಟೆಕಿಚ್ಚಿನವರು ಹೇಳಿದ್ದೆಲ್ಲ ಸುಳ್ಳು ಎನ್ನುವುದಕ್ಕೆ ತರ್ಕದಲ್ಲಿ ಆಧಾರವಿಲ್ಲ.

ಹೊನ್ನಾವರದಲ್ಲಿ ನನ್ನ ಗೆಳತಿಯ ಅಪ್ಪನಿಗೆ ಔಷಧಿ ಅಂಗಡಿ ಇದೆ. ಭಾನುವಾರ ಮಧ್ಯಾಹ್ನ ಅದರ ಮಹಡಿಯಲ್ಲಿ ನಾವು ನಾಲ್ವರು ಮೇಜಿನ ಸುತ್ತ ಕೂತು ಆಡುತ್ತೇವೆ. ಆಟ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಒಬ್ಬರು ಒಂದು ಕಲ್ಪನೆಯ ಲೋಕವನ್ನು ನಡೆಸುತ್ತಾರೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗುತ್ತಾರೆ. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಬೇಕು. ಅದು ಆಯಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮಂತ್ರವಾದಿಗಳು, ಡ್ರ್ಯಾಗನ್ನುಗಳು, ಬೆಟ್ಟದ ಹೊಟ್ಟೆಯಲ್ಲಿ ಚಿನ್ನ ಅಗೆಯುವ ಗಡ್ಡದ ಗಿಡ್ಡರು, ಎಲ್ಲರೂ ರೂಲ್ ಬುಕ್ಕಿನಲ್ಲಿ ಸಿಗುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ನಾವೇ ಕಟ್ಟಿಕೊಂಡರೆ ಅದಕ್ಕೆ ಹೋಂಬ್ರೂ ಎನ್ನುತ್ತಾರೆ. ನಮ್ಮ ಮೇಜಿನಲ್ಲಿ ಅದರ ಹೆಸರು ‘ಮನೆ ಅಡುಗೆ’.

ಲೋಕ ನಡೆಸುವವಳು ಗೆಳತಿ. ಕುಮಟಾದ ಕಾಲೇಜಿನಲ್ಲಿ ನಾವಿಬ್ಬರೂ ಚರ್ಚಾಸ್ಪರ್ಧೆಯ ಜೋಡಿಯಾಗಿದ್ದೆವು. ಎದುರಾಳಿಯನ್ನು ಕತ್ತರಿಸುವುದು ನನ್ನ ಕೆಲಸ, ಕೊನೆಗೆ ಎದ್ದು ಎಲ್ಲವನ್ನೂ ಕಟ್ಟಿ ಮುಗಿಸುವುದು ಅವಳದು. ಎದುರಿನವರು ಮಾತಾಡುವಾಗ ಅವಳ ಪೆನ್ನು ಓಡುತ್ತಲೇ ಇರುತ್ತಿತ್ತು. ಅಪರೂಪಕ್ಕೊಮ್ಮೆ ಮಾತ್ರ ಅದನ್ನು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದಳು. ಅಂದರೆ ಆ ಮಾತು ಅವಳನ್ನು ಮುಟ್ಟಿದೆ, ಅದಕ್ಕೆ ಅವಳ ಬಳಿ ಉತ್ತರವಿಲ್ಲ. ಯಾರ್ಯಾರಿಗೋ ಆ ಪೆನ್ನು ಇಳಿದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನನಗಾಗಿ ಒಮ್ಮೆಯೂ ಇಳಿದಿರಲಿಲ್ಲ. ಇಳಿಯುವುದಾದರೂ ಹೇಗೆ? ನಾನು ಯಾವಾಗಲೂ ಅವಳ ಪಕ್ಷದಲ್ಲೇ ಇದ್ದೆನಲ್ಲ.

ಈ ಸಲ ಅವಳು ಹೊಸ ನಕ್ಷೆ ಬರೆದಳು. ಅದರ ಮೇಲ್ತುದಿಯಲ್ಲಿ ಹೆಸರಿಲ್ಲದ ಒಂದು ಕೊಲ್ಲಿ. ಅಲ್ಲಿಗೆ ಒಂದು ಹೊಸ ಗಿಡ್ಡರ ಕುಲ ಬೇಕಂತೆ. ಎಲ್ಲರೂ ಮನೆ ಅಡುಗೆ ತರಬಹುದು, ಆಡಿ ನೋಡೋಣ, ಗೆದ್ದವರ ಕುಲದ ಹೆಸರು ಕೊಲ್ಲಿಗೆ, ಅದೂ ಇಂಕಿನಲ್ಲಿ. ನಾನು ಅವತ್ತೇ ಕುಮಟಾಕ್ಕೆ ವಾಪಸಾಗುವ ಬಸ್ಸಿನಲ್ಲಿ ಕೊಲ್ಲಿಗೆ ಹೆಸರಿಟ್ಟಾಗಿತ್ತು.

‘ಗಿಡ್ಡ’ ಎಂಬ ಪದಕ್ಕೂ ನಮ್ಮಲ್ಲಿ ಜಗಳವಾಗಿತ್ತು. ಕುಬ್ಜ ಎಂದರೆ ಪುರಾಣದ ವಾಸನೆ, ವಾಮನ ಎಂದರೆ ಕೈಮುಗಿಯಬೇಕು. ಆದ್ದರಿಂದ ಗಿಡ್ಡ. ಗೆಳತಿ ವಾಟ್ಸಾಪ್ ಗುಂಪಿನಲ್ಲಿ ಹೀಗೆ ಬರೆದಳು: ‘ಹೊಸ ಗಿಡ್ಡ ತಳಿ ಬೇಕು. ಮುಂದಿನ ಭಾನುವಾರ ತನ್ನಿ.’

ಗುಂಪಿಗೆ ಆಗಷ್ಟೇ ಒಬ್ಬ ಸೇರಿದ್ದ, ನಕ್ಷೆಯ ಮಾತಾದ ದಿನ ಅವನಿರಲಿಲ್ಲ. ಹತ್ತಿರದ ಮಂಕಿ ಊರಿನ ಹುಡುಗ, ಹೊನ್ನಾವರದಲ್ಲಿ ಬ್ಯಾಂಕಿನ ಕೆಲಸ, ಮನೆಯಲ್ಲಿ ತೆಂಗಿನ ತೋಟ. ನನಗಿಂತ ಒಂದೆರಡು ವರ್ಷ ಚಿಕ್ಕವನಿರಬಹುದು, ಆದರೆ ಮಾತಿಗೊಮ್ಮೆ ‘ಅಕ್ಕಾ’. ಅಕ್ಕಾ ಎಂದವನ ಮೇಲೆ ವಾದದಲ್ಲಿ ಹರಿಹಾಯುವುದು ಎಷ್ಟು ಕಷ್ಟ ಎಂದು ಸ್ಪರ್ಧೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅವನ ಉತ್ತರ ಬಂತು:

‘ಅಕ್ಕಾ, ಗಿಡ್ಡ ತಳಿ ನಮ್ಮಲ್ಲಿ ಎರಡು ನಮೂನೆ ಅದೆ. ಕೆಂಪು ಕಾಯಿದಾ, ಹಸಿರು ಕಾಯಿದಾ? ಸಸಿ ಎಷ್ಟು ತರ್ಲಿ?’

ತೆಂಗಿನ ಸಸಿ! ನಾನು ನಗುವ ಮುಖಗಳನ್ನು ಒಂದು ಸಾಲು ಕಳಿಸಿದೆ. ನಮ್ಮ ನಾಲ್ಕನೆಯವರು ಭಟ್ಕಳದಿಂದ ಬರುವ ಗಣಿತದ ಮೇಷ್ಟ್ರು. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ, ದಾಳ ಕೈಕೊಟ್ಟಾಗ ಮೂರೂ. ಅವರು ಬರೆದರು: ‘ನನಗೆ ಎರಡು ಸಸಿ ಇರಲಿ ಮಾರಾಯ.’ ಅಲ್ಲಿಗೆ ಆ ಹುಡುಗನ ಕತೆ ಮುಗಿಯಿತೆಂದು ನಾನು ತೀರ್ಮಾನಿಸಿದೆ.

ನನ್ನ ಕುಲ ‘ಚಿರೆಕಲ್ಲಿನವರು’. ಚಿರೆಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ನನ್ನ ಗಿಡ್ಡರೂ ಹಾಗೆ. ಹುಟ್ಟುವಾಗ ಉಗುರು ತಾಗಿದರೂ ಗೀರು ಬೀಳುವ ಮೈ; ಐನೂರು ವರ್ಷದ ಆಯಸ್ಸಿನಲ್ಲಿ ವಯಸ್ಸಾದಂತೆಲ್ಲ ಕತ್ತಿಯೂ ಇಳಿಯದ ಚರ್ಮ. ಬಲ, ದೌರ್ಬಲ್ಯ, ಯಾವ ಹಂತಕ್ಕೆ ಯಾವ ಶಕ್ತಿ, ಎಲ್ಲ ತೂಗಿ ಬರೆದೆ. ಕೊನೆಯಲ್ಲಿ ಯಾರು ಯಾವ ಆಕ್ಷೇಪ ಎತ್ತಬಹುದೆಂದು ಊಹಿಸಿ ಪೂರ್ವಪಕ್ಷ, ಅದರ ಕೆಳಗೆ ನನ್ನ ಉತ್ತರ. ಭಾನುವಾರ ಓದಿದಾಗ ಗೆಳತಿ ತಲೆಯಾಡಿಸುತ್ತ ಬರೆದುಕೊಂಡಳು. ‘ಚಂದ ಅದೆ’ ಎಂದಳು. ಆಕ್ಷೇಪ ಯಾರೂ ಎತ್ತಲಿಲ್ಲ. ಎತ್ತಲು ನಾನು ಒಂದನ್ನೂ ಉಳಿಸಿರಲಿಲ್ಲ.

ಮಂಕಿಯವನು ಜೇಬಿನಿಂದ ಅರ್ಧ ಹಾಳೆ ತೆಗೆದ.

‘ನಾ ತಪ್ಪು ತಿಳ್ಕಂಡೆ ಅಲ್ದಾ. ಹೆಂಗೂ ತಿಳ್ಕಂಡಾತು, ಅದ್ನೇ ಬರ್ದೆ,’ ಎಂದ. ‘ಎತ್ತರದ ತೆಂಗು ನಿಧಾನ, ಆದ್ರೆ ಅಜ್ಜ ನೆಟ್ಟದ್ದು ಮೊಮ್ಮಗನ ಕಾಲಕ್ಕೂ ಇರ್ತದೆ. ಗಿಡ್ಡ ತಳಿ ಹಂಗಲ್ಲ. ಬೇಗ ಕಾಯಿ ಬಿಡ್ತದೆ, ಬೇಗ ಮುಗೀತದೆ. ನನ್ನ ಗಿಡ್ಡರೂ ಹಂಗೇ ಅಕ್ಕಾ. ಐದು ವರ್ಷಕ್ಕೆ ದೊಡ್ಡವರು. ಮೂವತ್ತಕ್ಕೆ ಇಲ್ಲ.’

ಗೆಳತಿ ಪೆನ್ನನ್ನು ಮೇಜಿನ ಮೇಲಿಟ್ಟಳು.

ನಾನು ಅವಳ ಮುಖ ನೋಡಲಿಲ್ಲ, ಪೆನ್ನನ್ನೇ ನೋಡಿದೆ. ಎದ್ದೇ ಬಿಟ್ಟೆ.

‘ಒಂದು ಪ್ರಶ್ನೆ. ಗಿಡ್ಡರ ಬಂಡವಾಳವೇ ದೀರ್ಘಾಯಸ್ಸು. ಹಳೆಯ ನೆನಪು, ಹಳೆಯ ದ್ವೇಷ, ತಲೆಮಾರುಗಟ್ಟಲೆ ಕಾಪಾಡಿದ ಕಸುಬು. ಅದನ್ನೇ ತೆಗೆದರೆ ಉಳಿಯುವುದು ಎಂತದು? ಕುಳ್ಳಗಿರುವ ಮನುಷ್ಯ. ಅದಕ್ಕೆ ಹೊಸ ಕುಲ ಎಂತಕ್ಕೆ?’

‘ಹೌದಕ್ಕಾ, ಅದು ಹೌದು,’ ಎಂದ ಅವನು.

ಎದುರಾಳಿ ಒಪ್ಪಿಕೊಂಡರೆ ವಾದ ಗೆದ್ದಂತೆ. ನಾನು ಗೆದ್ದು ಕೂತೆ. ಪೆನ್ನು ಮಾತ್ರ ಮಲಗಿಯೇ ಇತ್ತು.

‘ಆತು, ಇಬ್ಬರೂ ನಿಮ್ಮ ನಿಮ್ಮ ಗಿಡ್ಡ ಆಗಿ. ಆಡಿ ನೋಡುವಾ,’ ಎಂದಳು ಗೆಳತಿ.

ಆಟದಲ್ಲಿ ನಾವೊಂದು ಸುರಂಗಕ್ಕೆ ಬಂದೆವು. ಮೇಲಿನ ಗುಡ್ಡ ಕುಸಿದು ದಾರಿ ಮುಚ್ಚಿದೆ; ಆಚೆ ಬದಿ ಸಿಹಿನೀರಿನ ಒರತೆ, ಈಚೆ ಬದಿ ಬಾವಿಗೆಲ್ಲ ಉಪ್ಪುನೀರು ನುಗ್ಗಿದ ಊರು. ತೋಡಬೇಕೆಂದರೆ ನಲವತ್ತು ವರ್ಷ ಎಂದಳು ಗೆಳತಿ. ಮುನ್ನೂರು ವರ್ಷದ ನನ್ನ ಚಿರೆಕಲ್ಲಿನ ಅಜ್ಜ ಗಡ್ಡ ನೀವಿಕೊಂಡ. ‘ನಲವತ್ತು ತಾನೆ? ಆಗ್ತದೆ,’ ಎಂದೆ. ನನ್ನ ಕುಲಕ್ಕೆಂದೇ ಹೊಲಿಸಿದಂಥ ಸನ್ನಿವೇಶ. ಅವನ ಗಿಡ್ಡನಿಗೆ ಇಪ್ಪತ್ತನಾಲ್ಕು. ಅವನು ಏನು ಮಾಡಬಲ್ಲ?

ಮಂಕಿಯವನು ದಾಳವನ್ನು ಅಂಗೈಯಲ್ಲಿ ಉರುಳಿಸಿದ. ಆಮೇಲೆ ನನ್ನ ಕಡೆ ತಿರುಗಿ, ನನ್ನನ್ನಲ್ಲ, ನನ್ನ ಪಾತ್ರವನ್ನು ಕೇಳಿದ:

‘ಅಜ್ಜಾ, ನಾ ಅಗೆಯುಕೆ ಶುರು ಮಾಡ್ತೆ. ಮುಂದೆ ನನ್ನ ಮಗಳು ಬತ್ತದೆ. ಅಪ್ಪ ಎಲ್ಲಿವರೆಗೆ ತೋಡಿದ್ದ ಅಂತ ಕೇಳ್ತದೆ. ಜಾಗ ತೋರಿಸ್ತ್ರಾ?’

ಕೆಳಗೆ ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ ಕೇಳುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು.

‘ಇದು ತರ್ಕಹೀನ,’ ಎಂದೆ. ‘ಆರು ವರ್ಷ ಉಳಿದವನು ನಲವತ್ತು ವರ್ಷದ ಕೆಲಸಕ್ಕೆ ಕೈ ಹಾಕುವುದು.’

‘ಅರೆ, ನಿಮ್ಮ ಅಜ್ಜ ಐನೂರು ವರ್ಷ ಬದುಕಿ ಎಂತ ಮಾಡ್ತಾನೆ?’ ಎಂದರು ಭಟ್ಕಳದ ಮೇಷ್ಟ್ರು. ‘ಕೂತು ನಮ್ಮ ತಪ್ಪು ಎಣಿಸ್ತಾನಾ?’

ಗೆಳತಿ ನಕ್ಕಳು. ಜೋರಾಗಿ, ಕಾಲೇಜಿನ ಕ್ಯಾಂಟೀನಿನಲ್ಲಿ ನಗುತ್ತಿದ್ದ ಹಾಗೆ. ನಂತರ ಪೆನ್ನೆತ್ತಿ ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತಲೆಕೆಳಗಾದ ಅಕ್ಷರ ಓದುವುದು ನನಗೆ ಕಷ್ಟವಲ್ಲ, ಎದುರಾಳಿಗಳ ಟಿಪ್ಪಣಿ ಓದಿ ಓದಿ ಅಭ್ಯಾಸ. ‘ಗಿಡ್ಡತಳಿ ಕೊಲ್ಲಿ’ ಎಂದು ಬರೆದಿದ್ದಳು.

‘ನನ್ನವರು?’

‘ಈ ಗುಡ್ಡದಲ್ಲಿ ಹಾಕಿದ್ದೆ, ನೋಡು. ಪೆನ್ಸಿಲ್‌ನಲ್ಲಿ.’

ಪೆನ್ಸಿಲ್. ಐನೂರು ವರ್ಷದವರಿಗೆ ಪೆನ್ಸಿಲ್, ಮೂವತ್ತು ವರ್ಷದವರಿಗೆ ಇಂಕು. ಹೇಳಲು ಬಾಯಿ ತೆರೆದೆ. ಹೇಳಿದರೆ, ಬೇಗ ಮುಗಿಯುವವರೇ ಅಳಿಸದ ಗುರುತು ಬಿಟ್ಟುಹೋಗುತ್ತಾರೆಂದು ಅವನ ಕುಲವನ್ನೇ ಹೊಗಳಿದಂತಾಗುತ್ತದೆ ಎಂದು ಹೊಳೆದು ಮುಚ್ಚಿದೆ. ಯಾವ ಮಾತೂ ಹೀಗೆ ಎದುರಾಳಿಯ ಕೈಗೆ ಹೋಗಿ ಕೂರುವುದನ್ನು ನಾನು ಕಂಡಿರಲಿಲ್ಲ. ಅದೂ ಒಂದು ತಪ್ಪು ಓದಿನಿಂದ! ನಾನು ಯೋಚಿಸಿ ಕಟ್ಟಿದ್ದು, ಅವನಿಗೆ ಎಡವಿ ಸಿಕ್ಕಿದ್ದು. ಎಡವಿ ಸಿಕ್ಕಿದ್ದಕ್ಕೆ ಬೆಲೆ ಕಮ್ಮಿ ಇರಬೇಕಲ್ಲವೇ? ಇದನ್ನು ಸಾಬೀತುಪಡಿಸಲು ನಾನು ಇನ್ನೂ ಪ್ರಯತ್ನಿಸುತ್ತಿದ್ದೇನೆ.

ಆಟ ಮುಗಿದ ಮೇಲೆ ಅವನು ಕೆಳಗೆ ಹೋಗಿ ಬೈಕಿನಿಂದ ಚೀಲ ಇಳಿಸಿಕೊಂಡು ಬಂದ. ಸಸಿಯಲ್ಲ, ಸಿಯಾಳ. ಮನೆಯ ಗಿಡ್ಡ ತಳಿಯದು, ಕೆಂಪು ಕಾಯಿ. ಕೆತ್ತಿ ಮೊದಲನೆಯದನ್ನು ನನಗೇ ಕೊಟ್ಟ.

‘ಅಕ್ಕಾ, ಒಂದು ಮಾತು ಹೇಳ್ತೆ, ಸಿಟ್ಟಾಗ್ಬೇಡಿ. ನಿಮ್ಮ ಗಿಡ್ಡರು ಗಾಳಿ ತಾಗಿದ ಹಂಗೇ ಗಟ್ಟಿ ಆಗ್ತ್ರಲ್ಲ, ಅದು ಕೇಳಿ ನಂಗೆ ಹೊಟ್ಟೆಕಿಚ್ಚಾತು. ಅದು ನಂಗೆ ಹೊಳೀಬೇಕಿತ್ತು. ನಮ್ಮನೆ ಗೋಡೆನೇ ಚಿರೆಕಲ್ಲಿಂದು.’

ಹೇಳಿ ನಕ್ಕುಬಿಟ್ಟ. ಅಷ್ಟೇ. ಮಧ್ಯಾಹ್ನವಿಡೀ ನಾನು ಕಾವು ಕೊಟ್ಟು ಕೂತಿದ್ದ ಹೊಟ್ಟೆಕಿಚ್ಚನ್ನು ಅವನು ನಾಲ್ಕು ಜನರೆದುರು ಸಿಯಾಳದ ಮುಚ್ಚಳ ತೆಗೆದಷ್ಟು ಸುಲಭವಾಗಿ ತೆಗೆದು ಮೇಜಿನ ಮೇಲಿಟ್ಟಿದ್ದ. ಕೊಲ್ಲಿ ಹೋದದ್ದಕ್ಕಿಂತ ನನಗೆ ಇದೇ ಹೆಚ್ಚು ಉರಿಯಿತು. ಹೊಟ್ಟೆಕಿಚ್ಚುಪಡುವುದರಲ್ಲೂ ಇವನೇ ಮುಂದೆ?

‘ಹೆಂಗಿದೆ ಅಕ್ಕಾ?’

ನೀರು ತಣ್ಣಗೆ ಗಂಟಲಲ್ಲಿ ಇಳಿಯುತ್ತಿತ್ತು. ನಾನು ಅದರಲ್ಲಿ ದೋಷ ಹುಡುಕುತ್ತಿದ್ದೆ.

‘ಸ್ವಲ್ಪ ಉಪ್ಪು,’ ಎಂದೆ.

ಗೆಳತಿ ಏನೋ ಬರೆಯುತ್ತಿದ್ದವಳು ತಲೆಯೆತ್ತಿದಳು. ಪೆನ್ನನ್ನು ಮೇಜಿನ ಮೇಲಿಟ್ಟಳು. ಕೈ ಚಾಚಿ ನನ್ನ ಸಿಯಾಳ ತೆಗೆದುಕೊಂಡು, ನನ್ನನ್ನೇ ನೋಡುತ್ತ ಒಂದು ಗುಟುಕು ಕುಡಿದಳು.

‘ಸಿಹಿ ಅದೆ ಮಾರಾಯ್ತಿ,’ ಎಂದಳು.